ಸೂತಕ ಎಣಿಸಿದವನು

"ನನ್ನ ಹೆಸರಿಗಿ ಗೀಟು ಹೊಡದವರು ಯಾರು?"

ಉದಗೀರದ ಕಾಲೇಜು ಮೈದಾನವೆಲ್ಲ ತಿರುಗಿ ನೋಡಿತು. ಎಂ.ಎ. ಓದುವ ಕಾಜಲ! ತಂದೆ ಖಂಡೆಪ್ಪ ತೀರಿಕೊಂಡು ಇಂದಿಗೆ ಒಂಬತ್ತು ದಿನ. ರಾಜ್ಯ ಮಹಿಳಾ ಬೇಸ್‌ಬಾಲ್ ತಂಡದ ಆಯ್ಕೆಯೂ ಇಂದೇ.

"ನಾನೇ," ಅಂದ ಬಸವೇಶ.

ಅವಳದೇ ತರಗತಿಯವನು, ತಂಡದ ಪಟ್ಟಿ ನೋಡಿಕೊಳ್ಳುವವನು. ಎರಡು ವರ್ಷದಿಂದ ಅವಳೆಸೆದ ಚೆಂಡು ಹಿಡಿಯುತ್ತ ಕೂತವನು... ಬೇರೆ ಯಾರೇ ಆಗಿದ್ದರೂ ಕಾಜಲಳಿಗೆ ಇಷ್ಟು ನೋಯುತ್ತಿರಲಿಲ್ಲ!

"ನಿಮ್ಮ ಮನ್ಯಾಗ ಹದಿಮೂರು ದಿನ ಸೂತಕ ಇರ್ತದಲ್ಲ. ನೀ ಬರಂಗಿಲ್ಲ ಅಂತ..."

"ನನಗ ಕೇಳಿದ್ಯಾ?"

"ಸತ್ತ ಮನಿಗಿ ಫೋನ್ ಮಾಡಿ ಆಟದ ಮಾತು ಹ್ಯಾಂಗ ಕೇಳ್ಲಿ?"

ಬಸವೇಶ ಜಂಗಮರ ಹುಡುಗ. ಲಿಂಗ ಕಟ್ಟಿದವರಿಗೆ ಸೂತಕವೇ ಇಲ್ಲ ಎನ್ನುವ ಮನೆ. ತನಗಿಲ್ಲದ್ದನ್ನು ಪಾಪ, ಪಕ್ಕದವರಿಗಾಗಿ ಬೆರಳು ಮಡಚಿ ಎಣಿಸಿದ್ದ!

"ನಿಮಗಂತೂ ಸೂತಕ ಇಲ್ಲ. ನನ್ನದು ನೀ ಯಾಕ ಎಣಸ್ತಿ?" ಕಣ್ಣು ತುಂಬಿತು, ದನಿ ತಗ್ಗಲಿಲ್ಲ. "ಕುರಿ ತಿರುಗಸಲಾಕ ಕಲ್ಲು ಎಸಿಯೋದು ಅಪ್ಪನೇ ಕಲಿಸ್ಯಾನ. ಆ ಕೈ ಇದು! ಮನ್ಯಾಗೂ ಅಳ್ತೀನಿ, ಇಲ್ಲೂ ಅಳ್ತೀನಿ. ಆದ್ರ ಎಸೀತೀನಿ!"

"ಜನ ಏನಂತಾರ..."

"ಅವ್ವ ಬೈದಾಳ. ಕಾಕಾ ಬಾಗಲಿಗಿ ಅಡ್ಡ ನಿಂತಾನ. ದಾಟಿ ನಮ್ಮ ಜಳಕೋಟದಿಂದ ಬಸ್ ಹಿಡದು ಬಂದೀನಿ. ನಿನ್ನೂ ದಾಟ್ತೀನಿ!"

ಬಸವೇಶನ ಮುಖ ಸಪ್ಪಗಾಯಿತು. ನೆಟ್ಟಗೆ ಆಯ್ಕೆದಾರರ ಮೇಜಿಗೆ ಹೋದ.

"ಯಾದಿ ಬಂದ್ ಝಾಲಿ," ಪಟ್ಟಿ ಮುಗಿಯಿತೆಂದು ಮರಾಠಿಯಲ್ಲಿ ಅಂದರು ಅವರು.

"ಆಕಿಗಿ ಕೇಳದೇ ಬರಂಗಿಲ್ಲ ಅಂತ ಬರದೀನ್ರಿ. ತಪ್ಪು ನಂದು. ಬೇಕಾದ್ರ ಈ ಪಟ್ಟಿ ಕೆಲಸದಿಂದ ನನ್ನ ತೆಗೀರಿ, ಆಕಿಗಿ ಆಡಲಾಕ ಬಿಡ್ರಿ." ಎಲ್ಲರೆದುರೇ ಹೇಳಿದ.

ಆಯ್ಕೆದಾರರು ಗಡಿಯಾರ ನೋಡಿದರು. "ಮೂರು ಚೆಂಡು. ಅಷ್ಟೇ."

ಬಸವೇಶ ಗ್ಲೌಸ್ ಹಾಕಿ ಕೂತ. ಕಾಜಲ ಎಸೆದ ಮೊದಲ ಚೆಂಡು ಎಲ್ಲೋ ಹೋಯಿತು.

"ಸೂತಕದಾಗ ಬರಬಾರದಿತ್ತು," ಯಾರೋ ಗೊಣಗಿದರು.

ಕಾಜಲ ಕಣ್ಣೊರೆಸಿಕೊಳ್ಳಲೂ ಇಲ್ಲ. ಎರಡನೆಯದು ಫಟ್ಟನೆ ಗ್ಲೌಸಿಗೆ! ಮೂರನೆಯದರ ರಭಸಕ್ಕೆ ಬಸವೇಶ ಹಿಂದಕ್ಕೆ ಬಿದ್ದೇಬಿಟ್ಟ. ಆಯ್ಕೆದಾರರು ನಗುತ್ತ ಅವಳ ಹೆಸರು ಬರೆದುಕೊಂಡರು.

ಅವನು ಧೂಳು ಜಾಡಿಸುತ್ತ ಬಂದ. "ನಿನ್ನ ಮ್ಯಾಲ ಮನಸ ಅದ ಕಾಜಲ. ಯಾರೂ ನಿನಗ ಒಂದು ಮಾತು ಅನಬಾರದು ಅಂತ..."

"ಮನಸ ಇದ್ದವ ಕೇಳಬೇಕು. ತಾನೇ ಠರಾಯಿಸಿ ಗೀಟು ಹೊಡಿಬಾರದು."

"ಈಗ ಕೇಳ್ತೀನಿ... ನಿನಗೂ ಮನಸ ಅದಾ?"

"ಇಲ್ಲದಿದ್ರ ಇಷ್ಟು ಜಗಳ ಆಡ್ತಿದ್ನಾ?"

ಅಷ್ಟಂದವಳ ದನಿ ಮೊದಲ ಸಲ ಒಡೆಯಿತು. "ಬಸವೇಶ, ಸಂಜಿಗಿ ನನ್ನ ಸಂಗಟ ಬಾ. ಅಪ್ಪ ಇಲ್ಲದ ಮನಿ ಹೊಗಲಾಕ... ನನಗ ಒಬ್ಬಾಕಿಗಿ ಆಗವಲ್ದು."

"ಈಗೇ ನಡಿ," ಅಂದ ಅವನು.