ಹೆಸರು ವೆಂಕಟನದು

ಮನೆ ಕಟ್ಟಿದವನು ತಾನು, ಬಾಗಿಲ ಮೇಲಿನ ಹೆಸರು ಮಾತ್ರ ಇನ್ನೊಬ್ಬನದು. ದೇವರಾಜನನ್ನು ಎರಡು ವರ್ಷದಿಂದ ಕೊರೆಯುತ್ತಿದ್ದದ್ದು ಇಷ್ಟೇ. ಆ ಇನ್ನೊಬ್ಬ ಬದುಕಿದ್ದರೆ ಜಗಳವಾಡಬಹುದಿತ್ತು, ಎದುರು ಕೂತು ಚಾ ಕುಡಿಯುತ್ತ ಇತ್ಯರ್ಥ ಮಾಡಿಕೊಳ್ಳಬಹುದಿತ್ತು. ಸತ್ತಿದ್ದಾನೆಂದು ಕಾಗದದಲ್ಲಾದರೂ ಇದ್ದಿದ್ದರೆ ಅದಕ್ಕೂ ಒಂದು ದಾರಿಯಿತ್ತು. ವೆಂಕಟ ಎರಡೂ ಆಗಿರಲಿಲ್ಲ. ಅವನು ಕಾಣೆಯಾಗಿದ್ದ.

ಮನೆಯೆಂದರೆ ಕಲ್ಲು ಮಣ್ಣಿನದಲ್ಲ, ಒಂದು ವೆಬ್‌ಸೈಟು. ಅಪ್ಸರಕೊಂಡದ ಸುತ್ತಮುತ್ತಲಿನ ಹೋಮ್‌ಸ್ಟೇಗಳನ್ನೂ ಶರಾವತಿಯ ಉಪ್ಪುನೀರಿನಲ್ಲಿ ಬೆಳೆವ ಕಾಂಡ್ಲಾ ಗಿಡಗಳ ನಡುವೆ ಸುತ್ತಾಡಿಸುವ ದೋಣಿಗಳನ್ನೂ ದೂರದೂರಿನವರು ಕೂತಲ್ಲಿಂದಲೇ ಬುಕ್ ಮಾಡಲೆಂದು ಇಬ್ಬರೂ ಸೇರಿ ಮಾಡಿದ್ದು. ಯೋಚನೆ ವೆಂಕಟನದು. ಭಟ್ಕಳ ಬಂದರಿನ ಮೀನುಗಾರರ ಮನೆಯವನು. ದೋಣಿಯವರೆಲ್ಲ ಅವನಿಗೆ ಒಂದಲ್ಲ ಒಂದು ಬಗೆಯಲ್ಲಿ ನೆಂಟರು. ಕೆಲಸ ದೇವರಾಜನದು. ಕಾಯ್ಕಿಣಿಯ ಗದ್ದೆ ಬಿಟ್ಟು ಕಂಪ್ಯೂಟರ್ ಕಲಿತು, ಹೊನ್ನಾವರದ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟುಕೊಂಡವನು.

ಹೆಸರಿಟ್ಟವನೂ ವೆಂಕಟನೇ. ಅಳಿವೆ, ನದಿ ಕಡಲು ಸೇರುವ ಜಾಗ. "ದೋಣಿ ಒಳಗೆ ಬರೂದೂ ಅಲ್ಲೇ, ಹೊರಗೆ ಹೋಗೂದೂ ಅಲ್ಲೇ. ಇದ್ಕಿಂತ ಚೆಂದದ ಹೆಸ್ರು ಎಂತ ಬೇಕು ಮಾರಾಯ?" ಎಂದಿದ್ದ. ದೇವರಾಜ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡಿದಾಗ ಇಬ್ಬರೂ ನಕ್ಕಿದ್ದರು. ಪರದೆಯ ಮೇಲೆ 'ಅಲೈವ್' ಎಂದಿತ್ತು. ಜೀವಂತ ಎಂದು. ನಮ್ಮವರಿಗೆ ಅಳಿವೆ, ಹೊರಗಿನವರಿಗೆ ಅಲೈವ್! ಡಾಟ್ ಕಾಮ್ ಇರುವ ಹೆಸರು ಯಾವತ್ತೋ ಯಾರದೋ ಪಾಲಾಗಿತ್ತು. ಚುಕ್ಕಿಯ ಮುಂದೆ ಕಾಮ್ ಬದಲು ಯಾರೂ ಕೇಳದ ಬಾಲವೊಂದನ್ನು ಹಚ್ಚಿದ ಮೇಲೆ ಸಿಕ್ಕಿತು. ಕೊಳ್ಳುವ ಹೊತ್ತಿಗೆ ಸರಿಯಾಗಿ ದೇವರಾಜನ ಕಾರ್ಡು ಕೈಕೊಟ್ಟಿತು. ವೆಂಕಟ ತನ್ನ ಕಾರ್ಡು ಹಾಕಿದ, ತನ್ನ ಹೆಸರು, ತನ್ನ ಫೋನ್ ನಂಬರು ಹಾಕಿದ. "ಹೆಸ್ರು ನಾ ನೋಡ್ಕಂತೆ, ಮನೆ ನೀ ನೋಡ್ಕ," ಎಂದ. ಆಗ ಅದು ತಮಾಷೆಯ ಮಾತಾಗಿತ್ತು.

ಮನೆ ನೋಡಿಕೊಳ್ಳುವುದು ಸಣ್ಣ ಕೆಲಸವಾಗಿರಲಿಲ್ಲ. ಮೊದಲು ಹಿಡಿದದ್ದು ಅಗ್ಗದ ಹೋಸ್ಟಿಂಗು. ಒಂದೇ ಸರ್ವರಿನಲ್ಲಿ ನೂರಾರು ಸೈಟುಗಳು, ವಠಾರದ ಒಂದೇ ನಲ್ಲಿಯ ಹಾಗೆ. ಪಕ್ಕದವರು ಕೊಡ ಇಟ್ಟರೆ ಇವರಿಗೆ ನೀರಿಲ್ಲ. ಕ್ರಿಸ್‌ಮಸ್ ರಜೆಗೆ ಜನ ಮುಗಿಬಿದ್ದ ದಿನವೇ ಅಳಿವೆ ಬಾಗಿಲು ಹಾಕಿಕೊಂಡಿತು. ಆಮೇಲೆ ದೇವರಾಜ ವಾರಗಟ್ಟಲೆ ಓದಿದ, ಹೋಲಿಸಿದ, ಸಿಂಗಾಪುರದ್ದು ಅಗ್ಗವಾದರೂ ದೂರವಾಯಿತೆಂದು ಬಿಟ್ಟು ಮುಂಬೈಯಲ್ಲಿ ತಮಗೇ ಎಂದು ಒಂದು ಸರ್ವರನ್ನು ಬಾಡಿಗೆಗೆ ಹಿಡಿದ. ಬೇಡದ ಬಾಗಿಲುಗಳನ್ನೆಲ್ಲ ಮುಚ್ಚಿದ. ದಿನವೂ ಸೈಟಿನದೊಂದು ನಕಲು ಬೇರೆಡೆ ಹೋಗಿ ಕೂರುವಂತೆ ಮಾಡಿದ. ಹೊರಗಿನವರ ಇಮೇಲಿಗೆ ದುಡ್ಡು ಯಾಕೆಂದು ಅದನ್ನೂ ಅದೇ ಸರ್ವರಿನಲ್ಲಿ ತಾನೇ ಕೂರಿಸಿ, ವೆಂಕಟನಿಗೊಂದು, ತನಗೊಂದು ವಿಳಾಸ ಕೊಟ್ಟ. ಹೆಸರಿನ ನೋಂದಣಿಯಲ್ಲೂ ವೆಂಕಟ ಈ ಹೊಸ ವಿಳಾಸವನ್ನೇ ಹಾಕಿದ. ಅಲ್ಲಿಂದ ಮುಂದೆ ಸೈಟು ಒಂದು ದಿನವೂ ಬೀಳಲಿಲ್ಲ.

ಎರಡು ವರ್ಷದ ಹಿಂದೆ, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದ ವಾರ, ಚಿಕ್ಕಪ್ಪನ ದೋಣಿಗೆ ಜನ ಕಡಿಮೆಯೆಂದು ವೆಂಕಟ ಹೋದ. ಹೊನ್ನಾವರದ ಅಳಿವೆಯಲ್ಲೇ, ಮರಳಿನ ದಿಬ್ಬದ ಮೇಲೆ ಅಲೆ ಮುರಿಯುವಲ್ಲಿ, ದೋಣಿ ಮಗುಚಿತು. ಉಳಿದವರು ಈಜಿ ದಡ ಸೇರಿದರು. ವೆಂಕಟ ಸಿಗಲಿಲ್ಲ, ಹೆಣವೂ ಸಿಗಲಿಲ್ಲ. ದೇವರಾಜ ದಂಡೆಯ ಮೇಲೆ ನಿಂತು ಅವನ ನಂಬರಿಗೆ ಮತ್ತೆ ಮತ್ತೆ ಕರೆ ಮಾಡಿದ. ಸ್ವಿಚ್ ಆಫ್. ಫೋನು ಅವನ ಜೇಬಿನಲ್ಲೇ ಇತ್ತೆಂದು ಚಿಕ್ಕಪ್ಪ ಅಳುತ್ತ ಹೇಳಿದ ಮೇಲೆ ಕರೆ ಮಾಡುವುದನ್ನು ಬಿಟ್ಟ. ಆ ನಂಬರನ್ನು ಮತ್ತೊಮ್ಮೆ ಒತ್ತುವ ಧೈರ್ಯ ಅವನಿಗೆ ಯಾವತ್ತೂ ಬರಲಿಲ್ಲ.

ಈ ವರ್ಷ ಮಂಗಳೂರಿನ ಪ್ರವಾಸ ಕಂಪನಿಯೊಂದು ಅಳಿವೆಯನ್ನು ಕೇಳಿತು. ಅವರ ಕಣ್ಣಿದ್ದದ್ದು ಹೆಸರಿನ ಮೇಲೆ. ಕರಾವಳಿಯುದ್ದಕ್ಕೂ ಅದೇ ಹೆಸರಿನಲ್ಲಿ ವ್ಯಾಪಾರ ಹಬ್ಬಿಸುವುದೆಂದೂ, ಎಲ್ಲ ಸರ್ವರುಗಳ ಉಸ್ತುವಾರಿಗೆ ದೇವರಾಜನೇ ಇರಲೆಂದೂ ಹೇಳಿದರು. ಮದುವೆ ಪತ್ರಿಕೆ, ಅರ್ಜಿ, ಜೆರಾಕ್ಸು ಎಂದು ದಿನ ನೂಕುತ್ತಿದ್ದವನಿಗೆ ತಾನು ಕಲಿತ ವಿದ್ಯೆಯನ್ನು ಜಗತ್ತು ಕೊನೆಗೂ ಕಂಡಿತೆನ್ನಿಸಿತು. ಆದರೆ ಹೆಸರು ವೆಂಕಟನದು. ಅದನ್ನು ನೋಂದಾಯಿಸಿಕೊಂಡ ಸಂಸ್ಥೆಯವರು ಮರಣ ಪ್ರಮಾಣಪತ್ರ ಕಳಿಸಿ ಎಂದರು.

ದೇವರಾಜ ಭಟ್ಕಳಕ್ಕೆ ಹೋದ. ವೆಂಕಟನ ತಾಯಿ ಮಂಜಿ ಮೀನು ಮಾರಿ ಆಗಷ್ಟೇ ಬಂದು, ಬುಟ್ಟಿ ತೊಳೆದು ಬೋರಲು ಹಾಕುತ್ತಿದ್ದಳು. ಗೋಡೆಯ ಮೇಲೆ ವೆಂಕಟನ ಫೋಟೋ ಇತ್ತು, ಹಾರವಿರಲಿಲ್ಲ. ಕೆಳಗೆ ಪ್ಲಾಸ್ಟಿಕ್ ಚೀಲ ಸುತ್ತಿದ ಕೀಪ್ಯಾಡ್ ಫೋನೊಂದು ಚಾರ್ಜಿಗಿತ್ತು. ವೆಂಕಟನ ತಂಗಿ ಸುಚಿತಾ ಚಾ ತಂದಳು.

"ಅಮ್ಮ, ಒಂದು ಸರ್ಟಿಫಿಕೇಟು ಆಗ್ಬೇಕಿತ್ತು," ಎಂದ ದೇವರಾಜ.

"ಎಂತ ಸರ್ಟಿಫಿಕೇಟು?"

ದೇವರಾಜನ ಕಣ್ಣು ಗೋಡೆಯ ಫೋಟೋದತ್ತ ಹೋಯಿತು. ಸುಚಿತಾ ತಲೆ ತಗ್ಗಿಸಿದಳು. ಮಂಜಿಗೆ ಅರ್ಥವಾಯಿತು; ಆದರೂ ಸಿಟ್ಟು ಮಾಡಲಿಲ್ಲ.

"ಹೆಣ ಕಾಣದೆ ನಾ ಎಂತಕ್ಕೆ ಅಳ್ಲಿ ತಮಾ? ನೀರು ಎತ್ಕಂಡು ಹೋಗಿ ಯಾವ ಊರಿಗೆ ಹಾಕಿತ್ತೋ. ಅಂವ ಎಲ್ಲೋ ಇದ್ದ. ಫೋನ್ ಮಾಡ್ತ. ಅಂವ ಬಂದ್ಮೇಲೆ ಅಂವನ್ನೇ ಕೇಳು, ಆತು?"

ಅಂಗಳದ ತನಕ ಬಂದ ಸುಚಿತಾ, "ಕೇಸು ಮುಚ್ಚೂಕೆ ಪೊಲೀಸ್ರೂ ಸಹಿ ಕೇಳಿದ್ರು ದೇವರಾಜಣ್ಣ. ಅಮ್ಮ ಹಾಕೂದಿಲ್ಲ. ನಾವೆಂತ ಮಾಡೂದು?" ಎಂದಳು.

ವಾಪಸು ಬರುವ ಬಸ್ಸಿನಲ್ಲಿ ಅವನಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಮಂಜಿಯ ಮೇಲಲ್ಲ, ಅವಳ ಆಸೆಯ ಮೇಲೆ. ಒಬ್ಬ ತಾಯಿ ಅಳದೆ ಕೂತದ್ದಕ್ಕೆ ತಾನು ಇಡೀ ಜನ್ಮ ಜೆರಾಕ್ಸ್ ಮಾಡುತ್ತಿರಬೇಕೆ? ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾಯಿತು. ಮುರ್ಡೇಶ್ವರ ದಾಟುವ ಹೊತ್ತಿಗೆ ನಾಚಿಕೆಯೂ ಸಿಟ್ಟಿನ ಜೊತೆಗೇ ಸೇರಿಕೊಂಡಿತು.

ಉಪಾಯವೇನೂ ಹುಡುಕಿಕೊಂಡು ಹೋಗುವಷ್ಟು ದೂರವಿರಲಿಲ್ಲ. ಪಾಸ್‌ವರ್ಡು ಮರೆತಿದ್ದೇನೆ ಎಂದರೆ ಆ ಸಂಸ್ಥೆ ಹೊಸದಕ್ಕೆ ಇಮೇಲ್ ಕಳಿಸುತ್ತದೆ. ಯಾರಿಗೆ? ವೆಂಕಟನಿಗೆ. ವೆಂಕಟನ ಇಮೇಲು ಇರುವುದೆಲ್ಲಿ? ದೇವರಾಜನ ಸರ್ವರಿನಲ್ಲಿ. ಬೀಗ ಒಡೆಯುವುದೇ ಬೇಡ. ಕೀಲಿಕೈ ತಾನಾಗಿ ಬಂದು ಅವನೇ ಕಟ್ಟಿದ ಅಂಚೆಪೆಟ್ಟಿಗೆಗೆ ಬೀಳುತ್ತದೆ. ವೆಂಕಟ ಕೆಲವು ದಿನ ಬದುಕಿದ್ದರೆ ಸಾಕು. ಹೆಸರನ್ನು ಕಂಪನಿಗೆ ದಾಟಿಸಿ, ಒಪ್ಪಂದಕ್ಕೆ ಸಹಿ ಹಾಕಿ, ಮತ್ತೆ ಮರೆಯಾಗಬಹುದು. ಆಮೇಲೆ ಮಂಜಿಗೊಂದು ಪಾಲು ಕೊಡುವುದೆಂದು ನಿಶ್ಚಯಿಸಿದ ಮೇಲೆ ರಾತ್ರಿ ನಿದ್ದೆಯೂ ಬಂತು.

ಹೊನ್ನಾವರದಲ್ಲಿ ವೆಂಕಟನ ಸುದ್ದಿ ಎಲ್ಲರಿಗೂ ಗೊತ್ತು. ಹಾಗಾಗಿ ಕುಮಟಾದಲ್ಲಿ, ಔಷಧಿ ಅಂಗಡಿಯೊಂದರ ಮೇಲಿನ ಸಣ್ಣ ಕೋಣೆಯನ್ನು ಬಾಡಿಗೆಗೆ ಹಿಡಿದ. ಕಂಪನಿಯ ಕಾಗದಪತ್ರ ಕೊರಿಯರಿನಲ್ಲಿ ಬರಬೇಕಲ್ಲ, ವೆಂಕಟನಿಗೊಂದು ವಿಳಾಸ ಬೇಕು. ಹೊಸ ಪಾಸ್‌ವರ್ಡಿನಿಂದ ಒಳಹೊಕ್ಕು ಅದನ್ನು ನೋಂದಣಿಯಲ್ಲೂ ತಿದ್ದಿದ. ಸಿಂಗಾಪುರದಲ್ಲಿ ಹೊಸ ಸರ್ವರೊಂದನ್ನು ವೆಂಕಟನ ಹೆಸರಿನಲ್ಲೇ ತೆಗೆದು ಸೈಟನ್ನೂ ಇಮೇಲನ್ನೂ ಅಲ್ಲಿಗೆ ಸಾಗಿಸಿದ. ಮುಂಬೈಯ ಹಳೆಯದರಲ್ಲಿ ತನ್ನ ಹೆಜ್ಜೆ ಗುರುತು ಒಂದೂ ಉಳಿಯದಂತೆ ಒರೆಸಿದ. ನಾಳೆ ಯಾರಾದರೂ ಕೆದಕಿದರೆ, ವೆಂಕಟನೇ ಎಲ್ಲಿಂದಲೋ ಬಂದು ತನ್ನ ಸಾಮಾನು ತಾನೇ ಹೊತ್ತುಕೊಂಡು ಹೋದ ಹಾಗೆ ಕಾಣಬೇಕು.

ಫೋನ್ ನಂಬರನ್ನು ಮಾತ್ರ ಹಾಗೇ ಬಿಟ್ಟ. ಅದನ್ನು ಬದಲಿಸಲು ಹೋದರೆ ಹಳೆಯ ನಂಬರಿಗೆ ಬರುವ ಓಟಿಪಿ ಕೇಳುತ್ತಾರೆ. ಬದಲಿಸದಿದ್ದರೆ ಸುಮ್ಮನೆ ಮಾಹಿತಿಗೆಂದು ಒಂದೊಂದು ಮೆಸೇಜು ಹೋಗುತ್ತದೆ, ಅಷ್ಟೇ. ಹೋಗಲಿ. ಕಡಲ ತಳದಲ್ಲಿರುವ ಫೋನಿಗೆ ಬಂದ ಮೆಸೇಜನ್ನು ಓದುವವರು ಯಾರು?

ಕಷ್ಟವಾದದ್ದು ಒಂದೇ, ವೆಂಕಟನಾಗಿ ಬರೆಯುವುದು. ಕಂಪನಿಯವರಿಗೆ ಉತ್ತರ ಕೊಡಲು ಆ ಇಮೇಲನ್ನು ತೆರೆದಾಗ ಹಳೆಯ ಪತ್ರಗಳೆಲ್ಲ ಕಣ್ಣೆದುರು ಬಂದವು. 'ದೇವಾ, ಸೈಟು ಬಿತ್ತು, ನೀನೂ ಬಿದ್ಯಾ?' 'ದೇವಾ, ಊಟ ಮಾಡಿ ಆಮೇಲೆ ಸರಿ ಮಾಡು, ಕಂಪ್ಯೂಟರು ಎಲ್ಲಿಗೂ ಓಡಿ ಹೋಗುದಿಲ್ಲ.' ದೇವರಾಜ ಅವನ್ನು ಓದಿದ, ಅವನ ಹಾಗೆ ಬರೆಯುವುದನ್ನು ಕಲಿಯಬೇಕಿತ್ತಲ್ಲ ಎಂದು ತನಗೇ ಹೇಳಿಕೊಳ್ಳುತ್ತ ಇನ್ನೊಮ್ಮೆ ಓದಿದ. ಕೋಣೆಯಲ್ಲಿ ಒಬ್ಬನೇ ಕೂತು ಅತ್ತ. ಅತ್ತು, ಮುಖ ತೊಳೆದು ಬಂದು, ಗೆಳೆಯನ ಹೆಸರಿನಲ್ಲಿ ಕಂಪನಿಗೆ ಬರೆದ. ವೆಂಕಟನ ಪತ್ರಗಳು ಕಂಪನಿಯವರಿಗೆ ಬಹಳ ಹಿಡಿಸಿದವು. ನಿಮ್ಮ ಗೆಳೆಯರು ಎಷ್ಟು ಖುಷಿಯ ಮನುಷ್ಯ ಎಂದು ದೇವರಾಜನಿಗೇ ಫೋನು ಮಾಡಿ ಹೇಳಿದರು.

ಒಪ್ಪಂದದ ಕಾಗದ ಬಂತು. ಸಹಿಯನ್ನು ಹಾಳೆ ತುಂಬ ಕಲಿತು ಹಾಕಿದ. ಇನ್ನು ಉಳಿದದ್ದು ಹೆಸರನ್ನು ದಾಟಿಸುವ ಕೊನೆಯ ಒಪ್ಪಿಗೆ. ಬೆಳಗಿನ ಬಿಸಿಲು ಕಿಟಕಿಯಿಂದ ಕೀಲಿಮಣೆಯ ಮೇಲೆ ಬಿದ್ದಿತ್ತು. ಮೆಟ್ಟಿಲ ಮೇಲೆ ಯಾರೋ ಹತ್ತಿ ಬರುವ ಸಪ್ಪಳವಾಯಿತು, ಕೊರಿಯರಿನವನಿರಬೇಕು ಎಂದುಕೊಂಡ. 'ವೆಂಕಟ, ನೀವು ಖಚಿತವಾಗಿ ಬಿಟ್ಟುಕೊಡುತ್ತೀರಾ?' ಎಂದು ಪರದೆ ಕೇಳುತ್ತಿತ್ತು. ಬಿಡು ಮಾರಾಯ, ಎಂದು ಮನಸ್ಸಿನಲ್ಲೇ ಅವನಿಗೆ ಹೇಳಿ ಒತ್ತಿದ. ಪರದೆಯ ಮೇಲೆ ಸಣ್ಣ ಚಕ್ರ ತಿರುಗಿ ನಿಂತಿತು. ಬಾಗಿಲ ಹೊರಗೆ ಒಂದು ಫೋನು ಟಿಂಗ್ ಎಂದಿತು.

ಒಳಗೆ ಬಂದವನು ಭಟ್ಕಳದ ಕಾನ್‌ಸ್ಟೇಬಲ್ ಅಣ್ಣಪ್ಪ. "ಇಲ್ಲಿ ವೆಂಕಟ ಅಂದ್ರೆ ಯಾರು? ಕಾಣೆಯಾದ ಕೇಸಲ್ಲಿ ವಿಳಾಸ ನೋಡೂಕೆ ಬಂದದ್ದು," ಎಂದ. ಅವನ ಹಿಂದೆ ಸುಚಿತಾ. ಅವಳ ಕಣ್ಣು ಮೇಜಿನ ಮೇಲಿದ್ದ ಹಾಳೆಗೆ ಹೋಯಿತು, ಅಣ್ಣನ ಸಹಿ ಸಾಲುಸಾಲಾಗಿ ತುಂಬಿದ ಹಾಳೆಗೆ. ಅಲ್ಲಿಂದ ದೇವರಾಜನ ಮುಖಕ್ಕೆ ಬಂದು ನಿಂತಿತು. ಇಬ್ಬರನ್ನೂ ಸರಿಸಿಕೊಂಡು ಮಂಜಿ ಮುಂದೆ ಬಂದಳು. ಕಂಕುಳಲ್ಲಿ ಒಂದು ಚೀಲವಿತ್ತು, ಅದರ ಬಾಯಲ್ಲಿ ವೆಂಕಟನ ಇಸ್ತ್ರಿ ಮಾಡಿದ ಅಂಗಿ ಕಾಣುತ್ತಿತ್ತು.

"ಅಯ್ಯೋ ತಮಾ, ನಿಂಗೆ ಮೊದ್ಲೇ ಸಿಕ್ಕಿದ್ನಾ ಅಂವ?" ಎಂದಳು ಮಂಜಿ, ಅಳುತ್ತ, ನಗುತ್ತ. ಸೊಂಟದ ಸಂಚಿಯಿಂದ ಪ್ಲಾಸ್ಟಿಕ್ ಸುತ್ತಿದ ಫೋನು ತೆಗೆದು ಅವನ ಕೈಗಿಟ್ಟಳು. "ವೆಂಕಟ, ಅಲೈವ್, ಕುಮಟಾ ಅಂತ ವಿಳಾಸ ಸಮೇತ ಮೆಸೇಜು ಬಂದಿತ್ತು. ಸುಚಿತಾ ಅದು ಬರೀ ಹೆಸ್ರು ಅಂದ್ಳು. ನಾ ಕೇಳ್ಲಿಲ್ಲ. ಅಲೈವ್ ಅಂದ್ರೆ ಬದ್ಕಿದ್ದ ಅಂತ್ಲೇ ಅಲ್ದಾ? ಅಂವಂಗೆ ಬಾಯಿಪಾಠ ಇದ್ದದ್ದು ಅಂವನ ನಂಬರ್ ಒಂದೇ, ಮಾಡಿದ್ರೆ ಅದಕ್ಕೇ ಮಾಡ್ತ ಅಂತ ಅದೇ ನಂಬರಿಗೆ ಹೊಸ ಸಿಮ್ ಮಾಡಿಸಿ ಇಟ್ಕಂಡಿದ್ದೆ. ಸಿಮ್ಮು ನನ್ನ ಹೆಸ್ರಲ್ಲೇ ಇತ್ತಲ್ಲ, ಕೇಳಿದ ಕೂಡ್ಲೆ ಕೊಟ್ರು." ದೇವರಾಜನಿಗೆ ಆಗ ನೆನಪಾಯಿತು: ಭಟ್ಕಳದ ಬಸ್‌ಸ್ಟ್ಯಾಂಡಿನ ಎದುರು ಸಿಮ್ ಮಾರುವ ಕೊಡೆಯ ಕೆಳಗೆ, ಮೀನು ಹೆಚ್ಚಿ ಹೆಚ್ಚಿ ಗೆರೆ ಸವೆದ ಮಂಜಿಯ ಹೆಬ್ಬೆರಳನ್ನು ಯಂತ್ರ ಮತ್ತೆ ಮತ್ತೆ ಒಲ್ಲೆ ಎಂದದ್ದು, ವೆಂಕಟ ನಗುತ್ತ ತಾಯಿಯ ಬೆರಳನ್ನು ತನ್ನ ಅಂಗಿಗೆ ಒರೆಸಿ ಒರೆಸಿ ಒತ್ತಿಸಿದ್ದು, ತಾನು ಪಕ್ಕದಲ್ಲೇ ನಿಂತು ನಕ್ಕದ್ದು. ಅಂಗೈಯಲ್ಲಿದ್ದ ಫೋನಿನ ಮೇಲೆ, ವೆಂಕಟ ತನ್ನ ಹೆಸರನ್ನು ಈಗಷ್ಟೇ ಬಿಟ್ಟುಕೊಟ್ಟನೆಂಬ ಮೆಸೇಜು ಇನ್ನೂ ಬೆಳಗುತ್ತಿತ್ತು. ಅಣ್ಣಪ್ಪ ಅದನ್ನು ಅವನ ಕೈಯಿಂದ ತೆಗೆದುಕೊಂಡು ಓದಿ, ತಿರುಗಿ ಕಂಪ್ಯೂಟರಿನ ಪರದೆ ನೋಡಿದ. "ಒಂದ್ಸಲ ಕರಿ ತಮಾ ಅಂವನ್ನ," ಎನ್ನುತ್ತ ಮಂಜಿ ದೇವರಾಜನ ಭುಜದ ಆಚೆಗೆ, ಖಾಲಿ ಕೋಣೆಯೊಳಕ್ಕೆ ಇಣುಕಿದಳು.