ರೋಸ್ ಬಟನ್ ಮೇಲಿನ ನಕ್ಷತ್ರ

ಇರ್ವಿನ್ ನನ್ನ ಮೇಜಿನ ಮುಂದೆ ಬಂದು ನಿಂತಾಗ ಅವನ ಬಲಗೈಯಿಂದ ರಕ್ತ ಸೋರುತ್ತಿತ್ತು. ಅರ್ಧ ನಿಮಿಷದ ಹಿಂದೆ ಅವನು ನಮ್ಮ ಸ್ಟುಡಿಯೋದ ಶೋಕೇಸಿಗೆ ಗುದ್ದಿದ್ದ. ಗಾಜು ಪುಡಿಪುಡಿಯಾಗಿ, ಒಳಗಿದ್ದ ಮದುಮಕ್ಕಳ ಫೋಟೋಗಳೆಲ್ಲ ನೆಲಕ್ಕೆ ಬಿದ್ದಿದ್ದವು.

"ಈ ಮೆನು ಮಾಡಿದ್ದು ಯಾರು?" ಎನ್ನುತ್ತಾ ಒಂದು ಡಿವಿಡಿಯನ್ನು ನನ್ನ ಕೀಬೋರ್ಡಿನ ಮೇಲೆ ಎಸೆದ.

"ನಾನು. ಎಂತ ಈಗ?"

ಹೆದರಿಕೆ ಆಗಲಿಲ್ಲವೆಂದರೆ ಸುಳ್ಳು. ಆದರೆ ನನ್ನ ಕೆಲಸವನ್ನು ಯಾರಾದರೂ ಎಸೆದರೆ ನನಗೆ ಹೆದರಿಕೆಗಿಂತ ಮೊದಲು ಸಿಟ್ಟು ಬರುತ್ತದೆ.

"ಎಂತ ಅಂತ ಹಾಕಿ ನೋಡಿ," ಅವನೆಂದ. "ನಿಮ್ಮ ಕಣ್ಣು ಎಲ್ಲಿ ಇತ್ತು ಅಂತ ಆಮೇಲೆ ಕೇಳ್ತೇನೆ."

ಅದು 2013. ಕದ್ರಿಯ ಆ ಸ್ಟುಡಿಯೋದಲ್ಲಿ ಮದುವೆಯ ಡಿವಿಡಿಗಳಿಗೆ ಮೆನು ಮಾಡುವುದು ನನ್ನ ಕೆಲಸ. ಡಿಸ್ಕ್ ಹಾಕಿದ ಕೂಡಲೇ ಟಿವಿಯಲ್ಲಿ ಬರುತ್ತದಲ್ಲ, ಆ ಮೊದಲ ಪುಟ. ರೋಸ್, ಚರ್ಚಿನ ಶಾಸ್ತ್ರಕ್ಕೆ ನಪ್ಶಿಯಲ್, ಆಮೇಲೆ ರಿಸೆಪ್ಶನ್ ಎಂದು ಮೂರು ಬಟನ್, ಹಿಂದೆ ಮತ್ತೆ ಮತ್ತೆ ಓಡುವ ಒಂದು ತುಣುಕು, ಮೇಲಿನಿಂದ ಬೀಳುವ ಗುಲಾಬಿ ಎಸಳು. ಎಫೆಕ್ಟ್ ಹಾಕುವುದರಲ್ಲಿ ನನ್ನ ಕೈ ಸ್ವಲ್ಪ ಧಾರಾಳ. ಬಟನ್ನಿಗೆ ನೆರಳು ಕೊಟ್ಟರೆ ಸಾಲದು, ಹೊಳಪು ಬೇಕು. ಹೊಳಪು ಬಂದ ಮೇಲೆ ಎಲ್ಲಾದರೂ ಒಂದು ನಕ್ಷತ್ರ ಮಿನುಗದಿದ್ದರೆ ನನಗೆ ಸಮಾಧಾನವಿಲ್ಲ. "ಆಂಡ್ರಿಯಾ, ಮದುಮಗಳನ್ನು ಹುಡುಕಬೇಕಲ್ಲ ಮಾರಾಯ್ತಿ," ಎಂದು ಮಾಲೀಕರಾದ ಝೇವಿಯರ್ ಅಂಕಲ್ ಗೊಣಗುತ್ತಿದ್ದರು.

ಡಿಸ್ಕ್ ಹಾಕಿದೆ. ಅದು ಅವನ ತಂಗಿ ಶರೊನ್‌ಳ ಮದುವೆ. ಹಿನ್ನೆಲೆಗೆ ನಾನು ಆರಿಸಿದ್ದು ರೋಸ್‌ನ ಆರು ಸೆಕೆಂಡು. ನಮ್ಮ ಕ್ರಿಶ್ಚಿಯನ್ ಮನೆಗಳಲ್ಲಿ ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರಕ್ಕೆ ರೋಸ್ ಎನ್ನುತ್ತಾರೆ. ಕೊನೆಕೊನೆಗೆ ಶಾಸ್ತ್ರ ಹೋಗಿ ಗಲಾಟೆ ಉಳಿಯುತ್ತದೆ. ಕೈಗೆ ಸಿಕ್ಕಿದವರ ಮುಖಕ್ಕೆಲ್ಲ ಬಳಿಯುತ್ತಾರೆ. ನನ್ನ ತುಣುಕಿನಲ್ಲಿ ಶರೊನ್ ನಗುತ್ತಿದ್ದಳು. ಅವಳ ಹಿಂದೆ, ಮೂಲೆಯಲ್ಲಿ, ಹಿರಿಯರೊಬ್ಬರ ಒದ್ದೆ ಕೈ ಒಬ್ಬ ಯುವಕನ ಕೆನ್ನೆಗೆ ತಾಗಿ ತೆಂಗಿನ ಹಾಲು ಚಿಮ್ಮುತ್ತಿತ್ತು. ಹಾಲು ಚಿಮ್ಮಿದ್ದು ನನಗೆ ಎಷ್ಟು ಇಷ್ಟವಾಗಿತ್ತೆಂದರೆ, ಸರಿಯಾಗಿ ಅಲ್ಲೇ, ರೋಸ್ ಬಟನ್‌ನ ಪಕ್ಕದಲ್ಲಿ, ಒಂದು ನಕ್ಷತ್ರ ಸಿಡಿಸಿದ್ದೆ.

"ಅದು ರೋಸ್ ಹಚ್ಚಿದ್ದಲ್ಲ," ಅವನೆಂದ. "ಡ್ಯಾಡಿ ನನಗೆ ಹೊಡೆದದ್ದು."

ಆಗ ಸರಿಯಾಗಿ ನೋಡಿದೆ. ಯುವಕನ ತಲೆ ಪಟ್ಟನೆ ತಿರುಗುತ್ತಿತ್ತು. ತುಟಿ ಒಡೆದಿತ್ತು. ಎಸಳುಗಳನ್ನು ನಾನೇ ಅದರ ಮೇಲೆ ಸುರಿದಿದ್ದೆ.

"ನಿನ್ನೆ ಮನೆಯಲ್ಲಿ ಅರವತ್ತು ಜನ ಇದ್ದರು. ಡಿಸ್ಕ್ ಹಾಕಿದ ಮೇಲೆ ರಿಮೋಟ್ ಸಿಗಲಿಲ್ಲ. ನಿಮ್ಮ ನಕ್ಷತ್ರದ ಜೊತೆ ಹದಿನಾಲ್ಕು ಸಲ ಪೆಟ್ಟು ತಿಂದೆ. ಎಲ್ಲರೂ ನಕ್ಕರು."

"ಯಾಕೆ ಹೊಡೆದದ್ದು?"

"ಬ್ಯಾಂಡಿನವರಿಗೆ ಕುರ್ಚಿ ಹಾಕಲು ಮರೆತೆ ಅಂತ."

ಕುತ್ತಿಗೆಯ ಶಾಲು ತೆಗೆದು ಅವನ ಕೈಗೆ ಬಿಗಿಯಾಗಿ ಕಟ್ಟಿದೆ. ನೋವಿಗೆ ಹಲ್ಲು ಕಚ್ಚಿಕೊಂಡವನು ನನ್ನ ಮುಖವನ್ನೇ ನೋಡುತ್ತಿದ್ದ. ಇಷ್ಟು ಸಿಟ್ಟಿನ ಮನುಷ್ಯನಿಗೆ ಅಷ್ಟು ಉದ್ದದ ರೆಪ್ಪೆಗಳು ಯಾಕೆ ಎಂದು ನಾನು ಯೋಚಿಸಿದೆ. ಆ ಹೊತ್ತಿನಲ್ಲಿ ಅಂಥ ಯೋಚನೆ ಬಂದದ್ದಕ್ಕೆ ನನಗೇ ನಾಚಿಕೆಯಾಯಿತು.

ಒಂಬತ್ತು ಹೊಲಿಗೆ ಬಿದ್ದವು. ಮರುದಿನ ಅವನೇ ಗಾಜಿನವನನ್ನು ಕರೆತಂದು ಶೋಕೇಸ್ ಸರಿಮಾಡಿಸಿದ. ಆಮೇಲೆ ಹೊಸ ಮೆನು ಮಾಡಿಸಲೆಂದು ದಿನಾ ಸಂಜೆ ಬರತೊಡಗಿದ. ವಾಮಂಜೂರಿನ ಕಾಲೇಜಿನಲ್ಲಿ ಅವನು ಲ್ಯಾಬ್ ನೋಡಿಕೊಳ್ಳುತ್ತಿದ್ದ; ಕೆಲಸ ಮುಗಿಸಿ ನೇರ ಕದ್ರಿಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ.

"ನಕ್ಷತ್ರ ಬೇಡ."

"ಒಂದೇ ಒಂದು."

"ಎಲ್ಲಿ?"

"ಕೇಕಿನ ಮೇಲೆ."

"ಹಾಕಿ. ಕೇಕಿಗೆ ಯಾರೂ ಹೊಡೆಯುವುದಿಲ್ಲ."

ನಾನು ಬಿದ್ದು ಬಿದ್ದು ನಕ್ಕೆ. ಅವನೂ ನಕ್ಕ, ತುಟಿಯ ಹಳೆ ಗಾಯದ ಕಲೆ ಎಳೆಯುತ್ತಿದ್ದರಿಂದ ಒಂದೇ ಕಡೆಯಿಂದ. ಎರಡು ದಿನದಲ್ಲಿ ಮುಗಿಯಬೇಕಿದ್ದ ಮೆನುವನ್ನು ನಾವು ಮೂರು ವಾರ ಎಳೆದೆವು. ಬಟನ್ನಿಗೆ ನೀಲಿ ಹೊಳಪು ಹಾಕಿ, ತೆಗೆದು, ಚಿನ್ನದ ಬಣ್ಣ ಹಾಕಿ, ಅದನ್ನೂ ತೆಗೆದೆವು. ಮೌಸ್ ಮೇಲಿದ್ದ ನನ್ನ ಕೈಯ ಪಕ್ಕ ಅವನ ಬ್ಯಾಂಡೇಜಿನ ಕೈ ಇರುತ್ತಿತ್ತು. ತಾಗುತ್ತಿರಲಿಲ್ಲ, ದೂರವೂ ಹೋಗುತ್ತಿರಲಿಲ್ಲ.

ನಡುನಡುವೆ ಅವನು ಹೇಳುತ್ತಿದ್ದ. ಎಂಟನೇ ವಯಸ್ಸಿಗೆ ಬೆಲ್ಟು. ಹನ್ನೆರಡಕ್ಕೆ ಒಂದು ಹಲ್ಲು. ಮಮ್ಮಿಯ ಮಣಿಕಟ್ಟು ಎರಡು ಸಲ ಮುರಿದದ್ದು, ಎರಡು ಸಲವೂ ಬಚ್ಚಲಲ್ಲಿ ಜಾರಿದೆ ಎಂದು ಆಕೆ ಎಲ್ಲರಿಗೂ ಹೇಳಿದ್ದು. ಕೇಳುತ್ತಾ ಕೇಳುತ್ತಾ ಅವನು ನನ್ನವನಾಗಿಬಿಟ್ಟ. ಒಂದು ದಿನ ಅದನ್ನು ಬಾಯಿಬಿಟ್ಟು ಹೇಳಿದೆ ಕೂಡ. ಅವನು ಪರದೆಯನ್ನೇ ನೋಡುತ್ತಾ, "ನಾನು ಡ್ಯಾಡಿಯ ಹಾಗೆ ಆದರೆ?" ಎಂದು ಕೇಳಿದ.

"ಆಗಬೇಡ," ಎಂದೆ. ಅಷ್ಟು ಸುಲಭವೆಂದು ನಂಬಿದ್ದೆ.

ಒಂದು ಶನಿವಾರ ಮಧ್ಯಾಹ್ನ ಅವನ ಅಪ್ಪ ಯೂಸ್ಟೇಸ್ ದೇರೆಬೈಲಿನ ಮನೆಯಿಂದ ಸೀದಾ ಸ್ಟುಡಿಯೋಗೆ ಬಂದರು. ಅರವತ್ತು ದಾಟಿದ, ಗಟ್ಟಿ ಮೈಯ ಮನುಷ್ಯ. ಇರ್ವಿನ್ ನನ್ನ ಪಕ್ಕದಲ್ಲೇ ಇದ್ದ.

"ಆ ವಿಡಿಯೋ ಯಾವ ಕಂಪ್ಯೂಟರಲ್ಲಿ ಉಂಟು? ಇಡೀ ಊರು ನನ್ನನ್ನು ನೋಡಿ ನಗಾಡ್ತದೆ!"

"ಅಂಕಲ್, ಅಳಿಸಿ ಆಗಿದೆ," ಎಂದು ಎದ್ದು ನಿಂತೆ.

ಅವರು ಕೇಳಲಿಲ್ಲ. ಮಾನಿಟರನ್ನು ಎತ್ತಿ ನೆಲಕ್ಕೆ ಬಡಿದರು. ನಾನು ಅಡ್ಡ ಹೋದೆ. ಅವರ ಕೈ ನನ್ನ ಕೆನ್ನೆಗೆ ಬಿತ್ತು. ಕಿವಿ ಗುಂಯ್ ಎಂದು, ಬಾಯಿಗೆ ರಕ್ತದ ರುಚಿ ಬಂತು.

ಇರ್ವಿನ್ ಟ್ರೈಪಾಡ್ ಎತ್ತಿಕೊಂಡದ್ದು ಕಾಣಿಸಿತು. ಮೊದಲ ಪೆಟ್ಟಿಗೆ ಯೂಸ್ಟೇಸ್ ಗೋಡೆಗೆ ಒರಗಿ ಕುಸಿದರು. ದವಡೆ ಮುರಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿತು. ಅಲ್ಲಿಗೆ ಮುಗಿಯಬೇಕಿತ್ತು. ಕೆಳಗೆ ಬಿದ್ದವರಿಗೆ ಇರ್ವಿನ್ ಮತ್ತೆ ಹೊಡೆದ. ಮತ್ತೆ. ಮತ್ತೆ. ಭುಜಕ್ಕೆ, ಪಕ್ಕೆಗೆ, ರಕ್ಷಣೆಗೆ ಎತ್ತಿದ ಆ ಕೈಗೆ. ಝೇವಿಯರ್ ಅಂಕಲ್ ಓಡಿಬಂದು ಅವನನ್ನು ಹಿಂದಿನಿಂದ ತಬ್ಬಿ ಎಳೆದರು.

ನಾನು ಬೇಡ ಎಂದು ಕೂಗಲಿಲ್ಲ. ನಿಜ ಹೇಳಬೇಕೆಂದರೆ, ಒಳಗೊಳಗೆ ಹಿಗ್ಗಿದ್ದೆ.

ಆಸ್ಪತ್ರೆಯಲ್ಲಿ ಅವನ ತಾಯಿ ಹೆಲನ್ ಆಂಟಿ, ಗಂಡ ಮೆಟ್ಟಿಲಲ್ಲಿ ಜಾರಿದರು ಎಂದು ಬರೆಸಿದರು. ಡಾಕ್ಟರು ಎರಡು ಸಲ ಕೇಳಿದರೂ ಮಾತು ಬದಲಿಸಲಿಲ್ಲ. ಆಮೇಲೆ ಹೊರಗೆ ಬಂದು ನನ್ನ ಪಕ್ಕ ಕೂತು, ಊದಿದ ನನ್ನ ಕೆನ್ನೆ ನೋಡಿದರು.

"ನಿನಗೋಸ್ಕರ ಹೊಡೆದನಾ ಮಗಾ?"

ತಲೆಯಾಡಿಸಿದೆ.

"ಇವರೂ ನನಗೋಸ್ಕರ ಒಬ್ಬನಿಗೆ ಹೊಡೆದಿದ್ದರು. ಮದುವೆಗೆ ಮುಂಚೆ. ಬಸ್ಸಲ್ಲಿ ಅವ ನನ್ನ ಸೊಂಟಕ್ಕೆ ಕೈ ಹಾಕಿದ ಅಂತ. ಹಲ್ಲು ಉದುರುವವರೆಗೂ ಬಿಡಲಿಲ್ಲ. ನನಗೆ ಎಷ್ಟು ಖುಷಿ ಗೊತ್ತುಂಟಾ? ಇಗರ್ಜಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ." ಗಂಡನಿಗೆ ಗಂಜಿ ತಿಳಿ ಕುಡಿಸಬೇಕೆಂದು ಎದ್ದು ಒಳಗೆ ಹೋದರು.

ಇರ್ವಿನ್ ಗೇಟಿನ ಹೊರಗೆ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ಬಿಸಿಲು ಇಳಿಯುತ್ತಿತ್ತು. ಅವನ ಅಂಗಿಯ ತೋಳಿನ ಮೇಲೆ ಅಪ್ಪನ ರಕ್ತ ಒಣಗಿತ್ತು.

"ಮೊದಲನೆಯದು ನಿನಗೋಸ್ಕರ," ಅವನೆಂದ. "ಆಮೇಲಿನ ಮೂರು ನನಗೋಸ್ಕರ. ಹೊಡೆಯುವಾಗ ಹಿತ ಆಯಿತು ಆಂಡ್ರಿಯಾ. ನಿನ್ನಲ್ಲಿ ಸುಳ್ಳು ಹೇಳುವುದಿಲ್ಲ."

"ನನಗೂ ಆಯಿತು. ನೋಡುವಾಗ."

"ನೋಯ್ತದಾ?" ಎಂದು ಕೇಳಿ, ನನ್ನ ಕೆನ್ನೆ ಮುಟ್ಟಲು ಕೈ ಎತ್ತಿದ.

ನನ್ನ ತಲೆ ತಾನಾಗಿಯೇ ಹಿಂದೆ ಸರಿಯಿತು. ಕಣ್ಣು ಮುಚ್ಚಿಕೊಂಡಿದ್ದೆ. ತೆರೆದಾಗ ಅವನ ಕೈ ಗಾಳಿಯಲ್ಲೇ ನಿಂತಿತ್ತು.

"ಮಮ್ಮಿ ಹೀಗೇ ಮಾಡುವುದು," ಅವನು ಮೆಲ್ಲಗೆ ಹೇಳಿದ.

"ಇರ್ವಿನ್, ನನಗೆ ನಿನ್ನ ಮೇಲೆ ಪ್ರೀತಿ ಉಂಟು. ಯಾರ ಮೇಲೂ ಇಷ್ಟು ಆಗಿಲ್ಲ."

"ಗೊತ್ತುಂಟು. ಆದರೂ ಹೆಂಡತಿಯಾಗಿ ನನ್ನ ಮನೆಗೆ ಬರಬೇಡ." ಅವನು ಕೈ ಕೆಳಗಿಳಿಸಿದ. "ಕೈ ಎತ್ತಿದರೆ ನೀನು ಹೆದರುವ ಹಾಗೆ ನಾನು ಬದುಕುವುದಿಲ್ಲ. ಆ ಬಸ್ಸು ನಿನ್ನದು. ಹತ್ತು."

ಹತ್ತಿದೆ. ಕಿಟಕಿಯ ಪಕ್ಕ ಕೂತು, ಜನರೆಲ್ಲ ನೋಡುತ್ತಿದ್ದರೂ ಜೋರಾಗಿ ಅತ್ತೆ. ಅವನು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡು ಕೆಳಗೆ ನಿಂತಿದ್ದ. ಕಂಡಕ್ಟರ್ ಸೀಟಿ ಊದಿದ. ಒಂದೇ ಒಂದು ಸಲ ಕರೆದಿದ್ದರೂ ನಾನು ಇಳಿದುಬಿಡುತ್ತಿದ್ದೆ. ಅದು ಅವನಿಗೆ ಗೊತ್ತಿತ್ತು, ಅವನು ಕರೆಯಲಿಲ್ಲ.