ಹೆಸರು ಅಳಿಸದ ಪ್ರಶ್ನೆ

ಐದು ಗಾಜಿನ ಕಿಂಡಿಗಳನ್ನು ಒರೆಸಿ ಆರನೆಯದಕ್ಕೆ ಒದ್ದೆ ಬಟ್ಟೆ ಹಚ್ಚುವಷ್ಟರಲ್ಲಿ ಧರ್ಮತೋಲಕ ಉತ್ತರ ಕೊಡತೊಡಗಿತು. ಫಕೀರವ್ವ ಬದಿಗೆ ಸರಿದು ನಿಂತಳು.

ಆ ಕಾಲಕ್ಕೆ ತಾಲ್ಲೂಕಿಗೊಂದು ಧರ್ಮತೋಲಕವಿತ್ತು. ಗದುಗಿನ ಈ ಕೇಂದ್ರದಲ್ಲಿ ಅದನ್ನು ನಡೆಸುವವಳು ಫಕೀರವ್ವ. ಸ್ಮೃತಿ, ಜೈನ, ಬೌದ್ಧ, ಶರಣ, ಇಸ್ಲಾಂ, ಗ್ರೀಕರ ಸದ್ಗುಣವಾದ, ಕರ್ತವ್ಯವಾದ, ಫಲವಾದ ಎಂದು ಎಂಟು ಪರಂಪರೆಗಳಿಗೆ ಎಂಟು ಕಿಂಡಿ. ಒಂದೇ ಪ್ರಶ್ನೆಯನ್ನು ಎಂಟೂ ತೂಗಿ, ಯಾವುದು ಧರ್ಮವೆಂದು ತಮ್ಮ ತಮ್ಮ ತೀರ್ಪು ತೋರಿಸುತ್ತಿದ್ದವು. ತೀರ್ಪು ಪಕ್ಷಪಾತವಿಲ್ಲದೆ ಬರಲೆಂದು ಪ್ರಶ್ನೆಯೊಳಗಿನ ಹೆಸರುಗಳನ್ನೆಲ್ಲ ಮೊದಲೇ ಅಳಿಸಬೇಕಿತ್ತು. ಇದಕ್ಕೆ ನಾಮಲೋಪ ಎಂದು ಹೆಸರು. ತಂಗಿ, ನೆರೆಯವ, ಸಾಲಿ ಮಾಸ್ತರ, ಎಲ್ಲರೂ ಫಕೀರವ್ವನ ಬೆರಳ ತುದಿಯಲ್ಲಿ "ಒಬ್ಬ ವ್ಯಕ್ತಿ" ಆಗಿಬಿಡುತ್ತಿದ್ದರು.

ಅಂದಿನ ಪ್ರಶ್ನೆ ಚನಮಲ್ಲಪ್ಪನದು. ನೆರೆಮನೆಯ ಹುಣಸೆಮರದ ಬೇರು ತನ್ನ ಗೋಡೆ ಸೀಳುತ್ತಿದೆ, ಕಡಿಯಬಹುದೆ? ಮೂರು ಕಿಂಡಿ ಕಡಿ ಎಂದವು, ನಾಲ್ಕು ಬೇಡ ಎಂದವು, ಒಂದು ಅರ್ಧ ಕಡಿ ಎಂದಿತು.

"ಎಂಟು ಮಂದಿ ಎಂಟು ಮಾತು! ಇಷ್ಟು ಜಗಳ ನಮ್ಮನ್ಯಾಗ ಪುಕ್ಕಟ ಸಿಗತೈತಿ, ಯವ್ವಾ," ಎಂದು ಚನಮಲ್ಲಪ್ಪ ಟೊಪ್ಪಿಗೆ ಕೊಡವಿಕೊಂಡು ಹೋದ.

ಫಕೀರವ್ವನಿಗೆ ನಗು ಬರಲಿಲ್ಲ. ಹನ್ನೊಂದು ವರ್ಷದಿಂದ ಅವಳಿಗೆ ನಗುವೂ ಹಾಗೆಯೇ, ಅಳುವೂ ಹಾಗೆಯೇ. ಬಂದರೂ ಬಾರದಿದ್ದರೂ ಒಂದೇ. ಆಗ ಅವಳು ನೀರು ಶುದ್ಧೀಕರಣ ಘಟಕದಲ್ಲಿದ್ದಳು. ಒಂದು ಮಧ್ಯಾಹ್ನ ಕ್ಲೋರಿನ್ ಕವಾಟ ತೆರೆದಿಟ್ಟು ಮರೆತಳು. ಹನ್ನೆರಡು ಜನ ಆಸ್ಪತ್ರೆ ಸೇರಿದರು. ಆ ಪಾಳಿಯ ಕವಾಟಗಳ ಹೊಣೆ ಜೊತೆಗಾತಿ ಜೈಬುನ್ನಿಸಾಳ ಹೆಸರಿನಲ್ಲಿತ್ತು. "ನಾನ ಮರ್ತಿರಬೇಕು ಬಿಡು," ಎಂದು ತನ್ನ ಕೈಯನ್ನೇ ನೋಡಿಕೊಳ್ಳುತ್ತ ಜೈಬು ಕೆಲಸ ಬಿಟ್ಟು ಹೋದಳು. ಫಕೀರವ್ವ ಬಾಯಿ ಬಿಡಲಿಲ್ಲ. ಆ ವಾರವೇ ಜೈಬುಗೆ ಪತ್ರ ಬರೆದಳು, ಕಳಿಸಲಿಲ್ಲ.

ಧರ್ಮತೋಲಕ ಬಂದ ಮೇಲೆ ಅವಳಿಗೊಂದು ಆಸರೆ ಸಿಕ್ಕಿತು. "ಒಬ್ಬ ವ್ಯಕ್ತಿಯ ತಪ್ಪಿಗೆ ಇನ್ನೊಬ್ಬ ವ್ಯಕ್ತಿ ಕೆಲಸ ಕಳೆದುಕೊಂಡರೆ, ವರ್ಷಗಳ ಬಳಿಕ ಹೇಳಬೇಕೆ?" ಪ್ರತಿ ಸಲವೂ ನಾಲ್ಕು ಹೌದು, ನಾಲ್ಕು ಬೇಡ. ಹಳೆಯ ಗಾಯ ಕೆದಕಿದರೆ ಯಾರಿಗೂ ಸುಖವಿಲ್ಲ ಎಂದಿತ್ತು ಫಲವಾದ. ಗುಳಿಗೆ ನುಂಗಿದಂತೆ ಅದನ್ನು ಓದಿ ಅವಳು ಮನೆಗೆ ಹೋಗುತ್ತಿದ್ದಳು.

ಆ ಶುಕ್ರವಾರವೂ, ಚನಮಲ್ಲಪ್ಪ ಹೋದ ಮೇಲೆ, ಅದೇ ಪ್ರಶ್ನೆ ಬರೆದಳು. ಮೊದಲು ಜೈಬುನ್ನಿಸಾಳ ಹೆಸರು, ಕವಾಟದ ಸಂಗತಿ ಎಲ್ಲ ಹಾಕಿ ಬರೆದು ಆಮೇಲೆ ಅಳಿಸುವುದು ಅವಳ ರೂಢಿ. ಅಷ್ಟರಲ್ಲಿ ಯಂತ್ರ ರೂಪಿಸಿದ ಡಾ. ಸುಮತಿ ಉಪಾಧ್ಯೆ ತಪಾಸಣೆಗೆ ಬಂದರು. ಗಾಬರಿಯಲ್ಲಿ ಫಕೀರವ್ವ ಹೆಸರು ಅಳಿಸದೆಯೇ ಗುಂಡಿ ಒತ್ತಿಬಿಟ್ಟಳು.

ಕಿಂಡಿಗಳು ಬಹಳ ಹೊತ್ತು ಖಾಲಿ ಇದ್ದವು. ಆಮೇಲೆ ಒಂದೊಂದಾಗಿ ಬೆಳಗಿದವು. ತೀರ್ಪು ಒಂದರಲ್ಲೂ ಇರಲಿಲ್ಲ. ಎಂಟರಲ್ಲೂ ಒಂದೇ ಪ್ರಶ್ನೆ: "ಕವಾಟ ತೆರೆದಿಟ್ಟವಳು ತಾನಲ್ಲವೆಂದು ಜೈಬುನ್ನಿಸಾಗೆ ಗೊತ್ತಿದೆಯೆ?"

"ಎಂಟೂ ಒಂದ ಮಾತು ಆಡೋದು ಸಾಧ್ಯನ ಇಲ್ಲ ಅಕ್ಕಾರ. ಒಳಗ ಏನೋ ಕೆಟ್ಟದ," ಎಂದರು ಸುಮತಿ.

"ಕೆಟ್ಟಿಲ್ಲರಿ ಮೇಡಮ್ಮಾರ. ನಾ ಹೆಸರು ಅಳಸೋದು ಮರ್ತೆ."

"ಬರೇ ಹೆಸರಿಗೆ ಹಿಂಗ್ಯಾಕ ಆಗಬೇಕು?"

"ಇಷ್ಟು ದಿನ ಆಕಿ ಬರೇ 'ಇನ್ನೊಬ್ಬ ವ್ಯಕ್ತಿ' ಇದ್ದಳರಿ. ಆಕೀಗೆ ಗೊತ್ತೈತೋ ಇಲ್ಲೋ ಅಂತ ಯಾರು ಕೇಳಬೇಕು?"

ಸುಮತಿ ಕುರ್ಚಿ ಎಳೆದು ಕೂತರು. ಪಕ್ಷಪಾತ ಬೇಡವೆಂದು ತಾವು ಅಳಿಸಿದ್ದು ಹೆಸರನ್ನಷ್ಟೇ ಅಲ್ಲ, ನೊಂದವರನ್ನೂ ಎಂದು ಅವರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

"ಇದು ಯಾರ ಪ್ರಶ್ನೆ ಅಕ್ಕಾರ?"

"ನಂದರಿ."

"ಹೇಳಿದ್ರ ವಿಚಾರಣೆ ಆಗ್ತದ. ಈ ಕೆಲಸಾನೂ ಹೋಗಬಹುದು."

"ಹೂಂ." ಫಕೀರವ್ವ ಬಟ್ಟೆ ಹಿಂಡಿ ಒಣಹಾಕಿದಳು. "ಹನ್ನೊಂದು ವರ್ಷ ಆಕಿ ತನ್ನ ಕೈನ ಬೈಕೊಂಡ ಅನ್ನ ಉಂಡಿರಬೇಕಲ್ಲರಿ."

ಮನೆಗೆ ಹೋಗಿ ಟ್ರಂಕಿನ ತಳದಿಂದ ಪತ್ರ ತೆಗೆದಳು. ನಾಲ್ಕು ಹಾಳೆಯ ತುಂಬ ತನ್ನ ಬಡತನ, ತನ್ನ ಹೆದರಿಕೆ, ತನ್ನ ಮಕ್ಕಳು. ಮೂರನ್ನು ಹರಿದು ಹಾಕಿದಳು. ಉಳಿದ ಹಾಳೆಯ ತಲೆಗೆ ದೊಡ್ಡ ಅಕ್ಷರದಲ್ಲಿ ಬರೆದಳು: "ಜೈಬೂ, ಕವಾಟ ತೆರೆದಿಟ್ಟವಳು ನಾನು. ನೀನಲ್ಲ."

ಬಿಸಿಲಲ್ಲೇ ಅಂಚೆ ಕಚೇರಿಗೆ ನಡೆದು, ಲಕೋಟೆಯನ್ನು ಡಬ್ಬಿಯೊಳಗೆ ಬಿಟ್ಟಳು. ಹಗುರವೆನಿಸಲಿಲ್ಲ, ಭಾರವೂ ಎನಿಸಲಿಲ್ಲ. ಹಿಂದೆ ನಿಂತಿದ್ದ ಹೆಂಗಸು "ಯಕ್ಕಾ, ಸ್ವಲ್ಪ ಅತ್ತಾಗ ಸರೀರಿ," ಎಂದಾಗಲೇ, ತನ್ನ ಕೈ ಇನ್ನೂ ಡಬ್ಬಿಯ ಬಾಯಲ್ಲೇ ಇದೆ ಎಂದು ಅವಳಿಗೆ ತಿಳಿದದ್ದು.